ಮೊದಲು ತಟ್ಟೆ, ಆಮೇಲೆ ಗ್ಲಾಸು: ಕುರುಕಲು, ಊಟ ಮತ್ತು ಕ್ರಾಫ್ಟ್ ಬಿಯರ್‌ಗಳ ನಡುವೆ ಆಯ್ಕೆ

ರೆಸ್ಟೋರೆಂಟಿನಲ್ಲಿ ಕುಳಿತ ಕೂಡಲೇ ಮೇಜಿಗೆ ಎರಡು ಪಟ್ಟಿಗಳು ಬರುತ್ತವೆ. ಒಂದು ತಿನ್ನುವುದಕ್ಕೆ, ಇನ್ನೊಂದು ಕುಡಿಯುವುದಕ್ಕೆ. ಬಹಳ ವರ್ಷ ನಾನು ಎರಡನೆಯದನ್ನೇ ಮೊದಲು ತೆರೆಯುತ್ತಿದ್ದೆ. ಹೆಸರು ಇಷ್ಟವಾದ ಬಿಯರನ್ನೋ ಪಕ್ಕದ ಮೇಜಿನವರು ಮೆಚ್ಚಿಕೊಂಡದ್ದನ್ನೋ ತರಿಸಿ, ಎರಡು ಗುಟುಕು ಕುಡಿದ ಮೇಲೆ ಹಸಿವಿನ ಕಡೆ ಗಮನ ಕೊಡುತ್ತಿದ್ದೆ. ಒಂದು ಸಂಜೆ ಹೀಗೆಯೇ ಶೇಕಡ 8ರಷ್ಟು ಆಲ್ಕೋಹಾಲ್ ಇರುವ, ಕಹಿ ಕೊಡುವ ಹಾಪ್ಸ್ ಹೂವನ್ನು ಧಾರಾಳವಾಗಿ ಸುರಿದ ಡಬಲ್ ಐಪಿಎ, ಅಂದರೆ ಇಂಡಿಯಾ ಪೇಲ್ ಏಲ್ ಎಂಬ ಬಿಯರಿನ ಗಟ್ಟಿ ರೂಪ, ತರಿಸಿದೆ. ಅದರ ಹಿಂದೆಯೇ ಒಣಮೆಣಸಿನ ಪುಡಿಯಲ್ಲಿ ಹೊರಳಿಸಿದ ಕರಿದ ಕೋಳಿ ಬಂತು. ಬಿಯರ್ ಚೆನ್ನಾಗಿತ್ತು, ಕೋಳಿಯೂ ಚೆನ್ನಾಗಿತ್ತು. ಬಾಯೊಳಗೆ ಎರಡೂ ಸೇರಿದಾಗ ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು. ಖಾರ ಎರಡರಷ್ಟಾಯಿತು, ಕಹಿ ಗಂಟಲಿಗೆ ಅಂಟಿಕೊಂಡಿತು, ಅರ್ಧ ತಟ್ಟೆ ಮತ್ತು ಅರ್ಧ ಗ್ಲಾಸು ಹಾಗೆಯೇ ಉಳಿದವು.

ಇದಕ್ಕೆ ಕಾರಣ ಸರಳವಾಗಿದೆ. ಮೆಣಸಿನ ಉರಿಯನ್ನು ತರುವ ಕ್ಯಾಪ್ಸೈಸಿನ್ ನಮ್ಮ ನಾಲಿಗೆಯ ಟಿಆರ್‌ಪಿವಿ1 ಎಂಬ ಗ್ರಾಹಕವನ್ನು ಕೆರಳಿಸುತ್ತದೆ. ಬಿಸಿಯನ್ನು ಗುರುತಿಸುವುದೂ ಅದೇ ಗ್ರಾಹಕ. ಆಲ್ಕೋಹಾಲ್ ಕೂಡ ಅದನ್ನೇ ಕೆರಳಿಸುತ್ತದೆ. ಹಾಗಾಗಿ ಬಿಯರ್ ಗಟ್ಟಿಯಾದಷ್ಟೂ ಖಾರಕ್ಕೆ ಗಾಳಿ ಹಾಕಿದಂತೆ. ಅಂದಿನಿಂದ ನಾನು ಊಟದ ಪಟ್ಟಿಯನ್ನು ಮುಗಿಸಿಯೇ ಬಿಯರಿನ ಪಟ್ಟಿಗೆ ಕೈ ಹಾಕುತ್ತೇನೆ. 'ಇಲ್ಲಿ ಯಾವುದು ಅತ್ಯುತ್ತಮ?' ಎಂದು ಕೇಳುವುದನ್ನೂ ಬಿಟ್ಟಿದ್ದೇನೆ. ಮೊದಲ ಗುಟುಕಿನಲ್ಲಿ ಗೆಲ್ಲುವ ಬಿಯರ್ ಬೇರೆ, ಊಟ ಮುಗಿಯುವವರೆಗೆ ಜೊತೆ ನಿಲ್ಲುವ ಬಿಯರ್ ಬೇರೆ. ಇವೆರಡರ ವ್ಯತ್ಯಾಸ ತಿಳಿದರೆ ಪಟ್ಟಿ ಎಷ್ಟು ಉದ್ದವಿದ್ದರೂ ಕಂಗೆಡಬೇಕಾಗಿಲ್ಲ.

ಗ್ಲಾಸಿನಲ್ಲಿ ಏನಿದೆ

'ಕ್ರಾಫ್ಟ್' ಎಂಬ ಪದದಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಅದನ್ನು ನೋಡಿ ಆಯ್ಕೆ ಮಾಡುವವರು ಬಹಳ. ಅಮೆರಿಕದ ಬಿಯರ್ ತಯಾರಕರ ಸಂಘವಾದ ಬ್ರೂವರ್ಸ್ ಅಸೋಸಿಯೇಷನ್ ಲೆಕ್ಕದಲ್ಲಿ ವರ್ಷಕ್ಕೆ 60 ಲಕ್ಷ ಬ್ಯಾರೆಲ್‌ವರೆಗೆ ತಯಾರಿಸುವ ಸಂಸ್ಥೆಯೂ ಕ್ರಾಫ್ಟ್ ಬ್ರೂವರಿಯೇ. ಆದರೆ ಕ್ರಾಫ್ಟ್ ಅಲ್ಲದ ಮದ್ಯ ಕಂಪನಿಗೆ ಅದರಲ್ಲಿ ಶೇಕಡ 25 ಅಥವಾ ಹೆಚ್ಚಿನ ಪಾಲು ಇರಬಾರದು. ಅಷ್ಟು ಬ್ಯಾರೆಲ್ ಎಂದರೆ ಸುಮಾರು 70 ಕೋಟಿ ಲೀಟರ್. ಅಂದರೆ ಆ ಪದ ಹೇಳುವುದು ಯಾರದ್ದು, ಎಷ್ಟು ದೊಡ್ಡದು ಎಂಬುದನ್ನು. ರುಚಿಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ರುಚಿಗೆ ಬೇರೆ ಗುರುತುಗಳಿವೆ: ಯೀಸ್ಟ್ ಯಾವುದು, ಕಹಿ ಎಷ್ಟು, ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ) ಎಷ್ಟು ಹುರಿದದ್ದು, ಹುಳಿ ಇದೆಯೇ.

ಬಿಯರಿನ ಎರಡು ಮುಖ್ಯ ಬಗೆಗಳಾದ ಲಾಗರ್ ಮತ್ತು ಏಲ್ ನಡುವಿನ ಭೇದ ಯೀಸ್ಟಿನದು. ಲಾಗರ್ ಯೀಸ್ಟ್ ಸುಮಾರು 7ರಿಂದ 13 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ನಿಧಾನವಾಗಿ ಹುದುಗುತ್ತದೆ, ಆಮೇಲೆ ವಾರಗಟ್ಟಲೆ ಶೀತದಲ್ಲಿ ವಿಶ್ರಮಿಸುತ್ತದೆ. ಜರ್ಮನ್ ಭಾಷೆಯಲ್ಲಿ 'ಲಾಗರ್ನ್' ಎಂದರೆ ಸಂಗ್ರಹಿಸಿಡುವುದು. ಏಲ್ ಯೀಸ್ಟ್ 15ರಿಂದ 24 ಡಿಗ್ರಿಯ ಬೆಚ್ಚಗಿನ ವಾತಾವರಣದಲ್ಲಿ ಚುರುಕಾಗಿ ಕೆಲಸ ಮಾಡುತ್ತದೆ, ಮಾಡುತ್ತಾ ಹಣ್ಣು, ಮಸಾಲೆಗಳ ಪರಿಮಳ ಬಿಡುತ್ತದೆ. ಆದ್ದರಿಂದ ಲಾಗರ್ ಸ್ವಚ್ಛ, ಏಲ್ ಮಾತುಗಾರ. ಹೊಸ ಬ್ರೂವರಿಗೆ ಹೋದಾಗ ನಾನು ಮೊದಲು ಕೇಳುವುದು ಪಿಲ್ಸ್ನರ್. ಈಗಿನ ಚೆಕ್ ದೇಶದ ಬೊಹೀಮಿಯದ ಪಿಲ್ಸೆನ್ ಊರಿನಲ್ಲಿ ಜರ್ಮನಿಯ ಬವೇರಿಯದ ಜೋಸೆಫ್ ಗ್ರೋಲ್ 1842ರಲ್ಲಿ ಮೊದಲ ಬಾರಿಗೆ ತಯಾರಿಸಿದ ಈ ಹೊಂಬಣ್ಣದ ಲಾಗರಿನಲ್ಲಿ ಇರುವುದು ಮೃದುವಾದ ನೀರು, ತಿಳಿ ಮಾಲ್ಟ್, ಸಾಟ್ಸ್ ತಳಿಯ ಹಾಪ್ಸ್ ಮತ್ತು ಯೀಸ್ಟ್ ಮಾತ್ರ. ತಪ್ಪು ಆಗಿದ್ದರೆ ಅದರಲ್ಲಿ ಅಡಗಿಕೊಳ್ಳಲು ಜಾಗವೇ ಇಲ್ಲ. ಬೆಣ್ಣೆಯ ವಾಸನೆ ಬಂದರೆ ಹುದುಗುವಾಗ ಹುಟ್ಟುವ ಡೈಅಸಿಟೈಲ್ ಎಂಬ ಸಂಯುಕ್ತ ಉಳಿದಿದೆ, ಬೇಯಿಸಿದ ಜೋಳದ ವಾಸನೆ ಬಂದರೆ ಕುದಿಸುವ, ತಣಿಸುವ ಹಂತದಲ್ಲಿ ಏನೋ ಕೆಟ್ಟಿರಬಹುದು. ಪಿಲ್ಸ್ನರ್ ಚೊಕ್ಕಟವಾಗಿದ್ದರೆ ಆ ಮನೆಯ ಉಳಿದ ಬಿಯರ್‌ಗಳನ್ನು ಧೈರ್ಯವಾಗಿ ನಂಬುತ್ತೇನೆ.

ಗೋಧಿ ಬಿಯರ್‌ಗಳಲ್ಲಿ ಎರಡು ಮನೆತನ. ಬವೇರಿಯದ ಹೆಫೆವೈಜನ್ ಮೂಗಿಗೆ ಹತ್ತಿರ ಬಂದಾಗಲೇ ಬಾಳೆಹಣ್ಣು ಮತ್ತು ಲವಂಗದ ಘಮ. ಆದರೆ ಅದಕ್ಕೆ ಯಾರೂ ಬಾಳೆಹಣ್ಣನ್ನೂ ಹಾಕಿಲ್ಲ, ಲವಂಗವನ್ನೂ ಹಾಕಿಲ್ಲ. ಎರಡೂ ಯೀಸ್ಟಿನ ಕೊಡುಗೆ. ಬೆಲ್ಜಿಯಂನ ವಿಟ್ ಬಿಯರಿಗೆ ಕೊತ್ತಂಬರಿ ಬೀಜ ಮತ್ತು ಕಿತ್ತಳೆ ಸಿಪ್ಪೆಯನ್ನು ನಿಜವಾಗಿಯೇ ಹಾಕುತ್ತಾರೆ. ಅಳಿದೇಹೋಗಿದ್ದ ಈ ಬಗೆಯನ್ನು ಹೂಗಾರ್ಡನ್ ಊರಿನ ಪಿಯರ್ ಸೆಲಿಸ್ 1966ರಲ್ಲಿ ಮತ್ತೆ ಬದುಕಿಸಿದರು. ಊಟದ ಜೊತೆ ಹೋಲಿಸಿದರೆ ಹೆಫೆವೈಜನ್ ದುಂಡಗೆ, ಸ್ವಲ್ಪ ಸಿಹಿಯಾಗಿ ಬಾಯಿ ತುಂಬುತ್ತದೆ. ವಿಟ್ ತೆಳ್ಳಗೆ, ನಿಂಬೆ ಹಿಂಡಿದ ಹಾಗೆ ಚುರುಕಾಗಿರುತ್ತದೆ.

ಐಪಿಎಗಳ ಹೋಲಿಕೆಗೆ ಹೆಚ್ಚು ಹೊತ್ತು ಬೇಕು, ಏಕೆಂದರೆ ಜನ ಮೋಸ ಹೋಗುವುದು ಇಲ್ಲಿಯೇ. ಒಂದು ಐಪಿಎ ಕುಡಿದು ಕಹಿಯೆಂದು ಮುಖ ಕಿವುಚಿ, ಇನ್ನು ಇವುಗಳ ಸಹವಾಸ ಬೇಡ ಎಂದು ತೀರ್ಮಾನಿಸಿದವರನ್ನು ನೋಡಿದ್ದೇನೆ. ಹಾಪ್ಸ್ ಹೂವನ್ನು ಕುದಿಯುವ ಮಾಲ್ಟ್ ರಸಕ್ಕೆ ಮೊದಲೇ ಹಾಕಿದರೆ ಅದರ ಆಲ್ಫಾ ಆಮ್ಲಗಳು ಮಾರ್ಪಾಡಾಗಿ ಕಹಿ ಬರುತ್ತದೆ, ಆದರೆ ಪರಿಮಳ ಆವಿಯಾಗಿ ಹೋಗುತ್ತದೆ. ಕೊನೆಯಲ್ಲಿ ಅಥವಾ ತಣಿದ ಮೇಲೆ ಹಾಕಿದರೆ ಕಹಿ ಕಡಿಮೆ, ಪರಿಮಳ ಹೆಚ್ಚು. ಅಮೆರಿಕದ ಪಶ್ಚಿಮ ಕರಾವಳಿಯ ಐಪಿಎ ಮೊದಲ ದಾರಿಗೆ ಹತ್ತಿರ: ತಿಳಿ, ಒಣ, ಗ್ರೇಪ್‌ಫ್ರೂಟ್ ಎಂಬ ಚಕ್ಕೋತದಂಥ ಹಣ್ಣಿನ ಸಿಪ್ಪೆ ಮತ್ತು ಪೈನ್ ಮರದ ನೆನಪು ತರುವ ಕಹಿ. ಅಮೆರಿಕದ ಈಶಾನ್ಯದ ವರ್ಮಾಂಟ್ ರಾಜ್ಯದ ಸುತ್ತಮುತ್ತ ಹುಟ್ಟಿದ ಮಬ್ಬು ಐಪಿಎ ಎರಡನೆಯ ದಾರಿಯದು: ಓಟ್ಸ್ ಮತ್ತು ಗೋಧಿಯಿಂದ ಮೆತ್ತಗಾದ ಮೈ, ಮಾವು, ಅನಾನಸ್ ನೆನಪಿಸುವ ಘಮ, ಕಡಿಮೆ ಕಹಿ. ಎರಡಕ್ಕೂ ಒಂದೇ ಹೆಸರು. ಒಂದು ಹಿಡಿಸದಿದ್ದರೆ ಇನ್ನೊಂದನ್ನು ಕುಡಿದ ಮೇಲೆಯೇ ತೀರ್ಪು ಕೊಡಬೇಕು ಎಂದು ನಾನು ಒತ್ತಾಯವಾಗಿ ಹೇಳುತ್ತೇನೆ.

ಕಹಿಯನ್ನು ಐಬಿಯು ಎಂಬ ಅಂಕಿಯಲ್ಲಿ ಬರೆದಿರುತ್ತಾರೆ. ಲೀಟರಿಗೆ 1 ಮಿಲಿಗ್ರಾಂ ಐಸೋ ಆಲ್ಫಾ ಆಮ್ಲ ಇದ್ದರೆ ಸುಮಾರು 1 ಐಬಿಯು. ಗೋಧಿ ಬಿಯರ್ 10ರಿಂದ 15ರ ಆಸುಪಾಸು, ಪಿಲ್ಸ್ನರ್ 25ರಿಂದ 40, ಐಪಿಎ 40ರಿಂದ 70. ಈ ಅಂಕಿಯೊಂದನ್ನೇ ನಂಬಿದರೆ ಎಡವುತ್ತೇವೆ. 60 ಐಬಿಯು ಇರುವ, ಸ್ಟೌಟ್ ಎಂಬ ಕಪ್ಪು ಬಿಯರಿನ ಗಟ್ಟಿ ಬಗೆ ಮಾಲ್ಟಿನ ಸಿಹಿಯಿಂದ ಹಿತವಾಗಿರಬಹುದು, 40 ಇರುವ ತೆಳು ಬಿಯರ್ ನಾಲಿಗೆಯನ್ನು ಕೆರೆಯಬಹುದು.

ಇನ್ನು ಬಣ್ಣ. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುವಂತೆ ಕಪ್ಪಗಿರುವುದೆಲ್ಲ ಗಟ್ಟಿಯಲ್ಲ. ಸ್ಟೌಟಿನ ಕಪ್ಪು ಬಣ್ಣ ಹುರಿದ ಧಾನ್ಯದಿಂದ ಬರುತ್ತದೆ. ಇಂಗ್ಲೆಂಡಿನ ಡೇನಿಯಲ್ ವೀಲರ್ 1817ರಲ್ಲಿ ಮಾಲ್ಟ್ ಹುರಿಯುವ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ ಒಂದು ಹಿಡಿ ಕಪ್ಪು ಮಾಲ್ಟಿನಿಂದಲೇ ಇಡೀ ಬಿಯರಿಗೆ ಬಣ್ಣ ಬರುವಂತಾಯಿತು. ಗಿನ್ನೆಸ್ ಡ್ರಾಫ್ಟ್ ಸ್ಟೌಟಿನಲ್ಲಿ ಆಲ್ಕೋಹಾಲ್ ಕೇವಲ ಶೇಕಡ 4.2ರಷ್ಟು. ಅದೇ ಹೊತ್ತಿಗೆ ಜೇನಿನ ಬಣ್ಣದ ಬೆಲ್ಜಿಯನ್ ಟ್ರಿಪೆಲ್ ಶೇಕಡ 8ರಿಂದ 9.5ರವರೆಗೆ ಇರುತ್ತದೆ, ಮತ್ತು ಕುಡಿಯುವಾಗ ಅದರ ಗಟ್ಟಿತನ ಗೊತ್ತೇ ಆಗುವುದಿಲ್ಲ. ಕಪ್ಪು ಬಿಯರ್ ಭಾರ ಎಂದು ದೂರ ಸರಿದು ಟ್ರಿಪೆಲ್ ಹಗುರ ಎಂದು ಎರಡು ಗ್ಲಾಸು ಕುಡಿಯುವುದು ತಲೆಕೆಳಗಾದ ಲೆಕ್ಕ.

ಹುಳಿ ಬಿಯರ್‌ಗಳು ನನಗೆ ತಡವಾಗಿ ಒಲಿದವು. ಬ್ರಸೆಲ್ಸ್ ಬಳಿಯ ಲ್ಯಾಂಬಿಕ್ ತಯಾರಿಸುವವರು ಕುದಿಸಿದ ರಸವನ್ನು ಅಗಲವಾದ ತೆರೆದ ತೊಟ್ಟಿಯಲ್ಲಿ ರಾತ್ರಿಯಿಡೀ ತಣಿಸುತ್ತಾರೆ. ಗಾಳಿಯಲ್ಲಿರುವ ಮತ್ತು ಮರದ ಪೀಪಾಯಿಗಳಲ್ಲಿ ನೆಲೆಸಿದ ಕಾಡು ಯೀಸ್ಟ್ ಮತ್ತು ಬ್ಯಾಕ್ಟೀರಿಯಾಗಳೇ ಅದನ್ನು ಹುದುಗಿಸುತ್ತವೆ. ಒಂದು, ಎರಡು, ಮೂರು ವರ್ಷದ ಲ್ಯಾಂಬಿಕ್‌ಗಳನ್ನು ಬೆರೆಸಿದರೆ ಅದು ಗ್ಯೂಜ್. ಮೊದಲ ಗುಟುಕಿಗೆ ನಾನು ಬೆಚ್ಚಿದ್ದು ನಿಜ. ಮೂರನೆಯ ಗುಟುಕಿನ ಹೊತ್ತಿಗೆ ಒಣ ಹುಲ್ಲು, ಹಸಿ ಸೇಬು, ಹಳೆಯ ಮರದ ಪೆಟ್ಟಿಗೆಯ ವಾಸನೆಗಳು ಒಂದೊಂದಾಗಿ ಬಿಚ್ಚಿಕೊಂಡವು. ಅಷ್ಟು ಧೈರ್ಯ ಇಲ್ಲದವರು ಜರ್ಮನಿಯ ಗೋಸೆಯಿಂದ ಆರಂಭಿಸಬಹುದು. ಉಪ್ಪು, ಕೊತ್ತಂಬರಿ ಬೀಜ ಹಾಕಿದ ಹಗುರ ಹುಳಿ ಬಿಯರ್ ಅದು.

ಕುರುಕಲಿನ ಬಟ್ಟಲು

ಉಪ್ಪು ಕಹಿಯನ್ನು ತಗ್ಗಿಸುತ್ತದೆ. ಇದನ್ನು ಅಡುಗೆಯವರು ಕೈ ಅಂದಾಜಿನಲ್ಲಿ ಬಹಳ ಹಿಂದಿನಿಂದ ಬಲ್ಲರು. 1997ರಲ್ಲಿ ಬ್ರೆಸ್ಲಿನ್ ಮತ್ತು ಬೋಷಾಂಪ್ ಎಂಬ ವಿಜ್ಞಾನಿಗಳು ನೇಚರ್ ಪತ್ರಿಕೆಯಲ್ಲಿ ಇದನ್ನು ತೋರಿಸಿಕೊಟ್ಟರು: ಉಪ್ಪು ಕಹಿಯನ್ನು ಅದುಮಿದಾಗ ಅದರ ಕೆಳಗೆ ಮುಚ್ಚಿಹೋಗಿದ್ದ ಸಿಹಿ ಮೇಲೆ ಬರುತ್ತದೆ. ಮನೆಯಲ್ಲಿಯೇ ಪರೀಕ್ಷೆ ಮಾಡಬಹುದು. ಹುರಿದ ಕಡಲೆಕಾಯಿ ಬೀಜವನ್ನು ಎರಡು ಬಟ್ಟಲಿಗೆ ಹಾಕಿ, ಒಂದಕ್ಕೆ ಮಾತ್ರ ಉಪ್ಪು ಬೆರೆಸಿ. ಐಪಿಎ ಒಂದು ಗುಟುಕು, ಉಪ್ಪಿಲ್ಲದ ಬೀಜ, ಮತ್ತೆ ಗುಟುಕು. ಆಮೇಲೆ ಉಪ್ಪಿನ ಬೀಜ, ಮತ್ತೆ ಗುಟುಕು. ನಾನು ಇದನ್ನು ಐಪಿಎ ಒಲ್ಲೆನೆನ್ನುತ್ತಿದ್ದ ಗೆಳತಿಯೊಬ್ಬಳ ಮುಂದೆ ಮಾಡಿದೆ. ಎರಡನೆಯ ಸುತ್ತಿಗೆ ಅವಳ ಹುಬ್ಬು ಮೇಲೇರಿತು, ಗ್ಲಾಸನ್ನು ತನ್ನ ಕಡೆ ಎಳೆದುಕೊಂಡಳು.

ಹಾಗೆಂದು ಎಲ್ಲ ಕುರುಕಲಿಗೂ ಐಪಿಎ ಅಲ್ಲ. ಬರೀ ಉಪ್ಪು ಹಾಕಿದ ಆಲೂಗಡ್ಡೆ ಚಿಪ್ಸಿಗೆ ಪಿಲ್ಸ್ನರನ್ನು ಮೀರಿಸಿದ್ದು ನನಗೆ ಇನ್ನೂ ಸಿಕ್ಕಿಲ್ಲ. ಚಿಪ್ಸಿನ ಸುಖ ಅದರ ಸದ್ದಿನಲ್ಲಿದೆ. ಝಾಂಪಿನಿ ಮತ್ತು ಸ್ಪೆನ್ಸ್ 2004ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಚ್ಚಿದ ಸದ್ದನ್ನು ಹೆಡ್‌ಫೋನಿನಲ್ಲಿ ಜೋರು ಮಾಡಿ ಕೇಳಿಸಿದಾಗ ಅದೇ ಚಿಪ್ಸ್ ಹೆಚ್ಚು ಗರಿಗರಿ ಮತ್ತು ತಾಜಾ ಅನ್ನಿಸಿತು. ಇಷ್ಟು ಚುರುಕಾದ ತಿಂಡಿಯ ಜೊತೆಗೆ ಸಿಹಿ ಮಂದ ಬಿಯರ್ ಇಟ್ಟರೆ ಗರಿಗರಿತನ ಸೊರಗುತ್ತದೆ. ಪಿಲ್ಸ್ನರಿನ ಗುಳ್ಳೆ, ಚಿಪ್ಸಿನ ಸದ್ದು ಎರಡೂ ಒಂದೇ ಲಯದವು. ವಿನೆಗರ್ ಸವರಿದ ಚಿಪ್ಸ್ ಆದರೆ ಲೆಕ್ಕ ಬದಲಾಗುತ್ತದೆ. ಅದರ ಹುಳಿಗೆ ಐಪಿಎ ಒರಟಾಗುತ್ತದೆ, ಪಿಲ್ಸ್ನರ್ ನೀರಾಗುತ್ತದೆ, ಗೋಸೆ ಮಾತ್ರ ಸರಿಸಮನಾಗಿ ನಿಲ್ಲುತ್ತದೆ.

ಹುರಿದ ಬೀಜಗಳಿಗೆ ಬ್ರೌನ್ ಏಲ್ ಒಳ್ಳೆಯದು. ಬೀಜವನ್ನು ಹುರಿದಾಗ ಮತ್ತು ಮಾಲ್ಟನ್ನು ಬಿಸಿಯಲ್ಲಿ ಒಣಗಿಸಿದಾಗ ನಡೆಯುವುದು ಒಂದೇ ರಾಸಾಯನಿಕ ಕ್ರಿಯೆ. 1912ರಲ್ಲಿ ಅದನ್ನು ವಿವರಿಸಿದ ಫ್ರೆಂಚ್ ವಿಜ್ಞಾನಿ ಲೂಯಿ ಕಮೀಯ್ ಮೈಯಾರ್ ಹೆಸರಿನಿಂದಲೇ ಅದನ್ನು ಕರೆಯುತ್ತಾರೆ. ನೆಂಟಸ್ತಿಕೆ ಬಾಯಿಗೆ ತಾನಾಗಿ ತಿಳಿಯುತ್ತದೆ. ಬೆಣ್ಣೆ ಹಾಕಿದ ಪಾಪ್‌ಕಾರ್ನ್‌ಗೆ ಆಂಬರ್ ಲಾಗರ್ ಸಾಕು, ಹೆಚ್ಚು ಯೋಚಿಸುವ ಅಗತ್ಯವಿಲ್ಲ.

ಚೀಸ್ ಮಾತ್ರ ಹೆಚ್ಚು ಗಮನ ಕೇಳುತ್ತದೆ. ಅದರಲ್ಲಿ ಕೊಬ್ಬು, ಉಪ್ಪು, ಹುಳಿ, ಮಾಂಸದ ಸಾರಿನಂಥ ಉಮಾಮಿ ರುಚಿ ಎಲ್ಲವೂ ಒಟ್ಟಿಗಿವೆ. ಮೆತ್ತನೆಯ, ಹಾಲಿನ ಘಮದ ಚೀಸಿಗೆ ವಿಟ್ ಅಥವಾ ಗ್ಯೂಜ್ ಕೊಟ್ಟು ನೋಡಿ, ಹುಳಿ ಕೊಬ್ಬನ್ನು ಸೀಳುತ್ತದೆ. ಗಟ್ಟಿ ಚೆಡ್ಡಾರಿಗೆ ಪೇಲ್ ಏಲ್. ನೀಲಿ ಗೆರೆಯ ಚೀಸಿಗೆ ಬಾರ್ಲಿವೈನ್ ಎಂಬ ಗಟ್ಟಿ ಏಲ್ ಅಥವಾ ಸ್ಟೌಟಿನಲ್ಲೇ ತುಂಬ ಗಟ್ಟಿಯಾದ ಇಂಪೀರಿಯಲ್ ಸ್ಟೌಟ್. ಈ ಕೊನೆಯ ಜೋಡಿಯನ್ನು ಮೊದಲು ಸವಿದಾಗ ನಾನು ಮಾತು ನಿಲ್ಲಿಸಿದ್ದೆ. ಚೀಸಿನ ತೀಕ್ಷ್ಣತೆ ಕರಗಿ ಕ್ಯಾರಮೆಲ್ ಆಗಿ, ಸ್ಟೌಟಿನ ಸುಟ್ಟ ಕಹಿ ಕಾಫಿಯಾಗಿ ಹಿಂದಕ್ಕೆ ಸರಿಯಿತು. ಎರಡರಲ್ಲಿ ಒಂದನ್ನೇ ಇಟ್ಟಿದ್ದರೆ ಎರಡು ತುತ್ತಿಗೆ ಸಾಕಾಗುತ್ತಿತ್ತು.

ಊಟದ ಮೇಜು

ಕರಿದದ್ದಕ್ಕೆ ಗುಳ್ಳೆ ಬೇಕು. ಇಂಗಾಲದ ಡೈಆಕ್ಸೈಡ್ ನಾಲಿಗೆಯ ಮೇಲೆ ಕಾರ್ಬಾನಿಕ್ ಆಮ್ಲವಾಗಿ ಚುಚ್ಚುತ್ತದೆ, ಕಹಿ ಜಿಡ್ಡಿನ ಬೇಸರ ಕಳೆಯುತ್ತದೆ, ಮುಂದಿನ ತುತ್ತು ಮೊದಲ ತುತ್ತಿನಂತೆಯೇ ಅನ್ನಿಸುತ್ತದೆ. ಪಿಲ್ಸ್ನರ್ ಮತ್ತು ಬೆಲ್ಜಿಯಂನ ಸೇಸಾನ್ ಎಂಬ ಏಲ್ ನಡುವೆ ನನಗೆ ಆಯ್ಕೆ ಕೊಟ್ಟರೆ ಕರಿದ ಮೀನಿಗೆ ಸೇಸಾನ್ ತೆಗೆದುಕೊಳ್ಳುತ್ತೇನೆ. ಅದರ ಮೆಣಸಿನಕಾಳಿನಂಥ ಘಮವೂ ತೀರಾ ಒಣಗಿದ ಕೊನೆಯೂ ಮೀನಿಗೆ ಮಸಾಲೆಯಂತೆ ಸೇರುತ್ತವೆ.

ಕೆಂಡದ ಮೇಲೆ ಸುಟ್ಟ ಮಾಂಸ, ಅಣಬೆ, ಬದನೆಕಾಯಿಗಳಿಗೆ ಮತ್ತೆ ಮೈಯಾರ್ ನೆಂಟಸ್ತಿಕೆಯೇ ದಾರಿ: ಆಂಬರ್ ಏಲ್, ಬ್ರೌನ್ ಏಲ್, ಪೋರ್ಟರ್, ಬೆಲ್ಜಿಯನ್ ಡುಬೆಲ್. ಜರ್ಮನಿಯ ಬಾಂಬೆರ್ಗ್ ಊರಿನ ರೌಖ್‌ಬಿಯರನ್ನು ಮರದ ಹೊಗೆಯಲ್ಲಿ ಒಣಗಿಸಿದ ಮಾಲ್ಟಿನಿಂದ ಮಾಡುತ್ತಾರೆ. ಸುಟ್ಟ ಮಾಂಸಕ್ಕೆ ಅದೇ ಸರಿ ಎಂದು ಹಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಹೊಗೆಯ ಮೇಲೆ ಹೊಗೆ ಬಿದ್ದರೆ ಯಾವುದರ ಹೊಗೆ ಎಂದೇ ತಿಳಿಯದು. ಹೊಗೆಯಿಲ್ಲದ ಊಟಕ್ಕೆ, ಉದಾಹರಣೆಗೆ ಬೇಯಿಸಿದ ಆಲೂಗಡ್ಡೆ ಅಥವಾ ಬೀನ್ಸಿನ ಸೂಪಿಗೆ, ರೌಖ್‌ಬಿಯರ್ ಕೊಟ್ಟಾಗ ಅದರ ಬೆಲೆ ಗೊತ್ತಾಗುತ್ತದೆ.

ಖಾರದ ಊಟಕ್ಕೆ ನನ್ನ ನಿಯಮ ಕಠಿಣ: ಶೇಕಡ 5ರ ಆಸುಪಾಸಿನ ಆಲ್ಕೋಹಾಲ್, 20ಕ್ಕಿಂತ ಕಡಿಮೆ ಐಬಿಯು, ತುಸು ಸಿಹಿ. ಹೆಫೆವೈಜನ್ ಮೊದಲ ಸ್ಥಾನದಲ್ಲಿದೆ, ವಿಟ್ ಅದರ ಹಿಂದೆ. ಮಿಲ್ಕ್ ಸ್ಟೌಟ್ ಬಗ್ಗೆ ಒಂದು ಎಚ್ಚರಿಕೆ ಹೇಳಬೇಕು. ಹೆಸರಿನಲ್ಲಿ ಹಾಲು ಇರುವುದರಿಂದ ಉರಿ ಆರಿಸುತ್ತದೆ ಎಂದು ನಾನೂ ಒಮ್ಮೆ ನಂಬಿದ್ದೆ. ಅದರಲ್ಲಿರುವುದು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಮಾತ್ರ. ಕ್ಯಾಪ್ಸೈಸಿನ್ ತೊಳೆದುಹೋಗಲು ನೆರವಾಗುವುದು ಕೇಸೀನ್ ಎಂಬ ಪ್ರೋಟೀನ್, ಅದು ಮಿಲ್ಕ್ ಸ್ಟೌಟಿನಲ್ಲಿ ಇಲ್ಲ. ಸಿಹಿಯಿಂದ ಸ್ವಲ್ಪ ಸಮಾಧಾನ ಸಿಗುತ್ತದೆ, ಅಷ್ಟೇ. ಬಾಯಿ ನಿಜವಾಗಿ ಹೊತ್ತಿಕೊಂಡರೆ ಹಾಲು ಅಥವಾ ಮೊಸರನ್ನೇ ಕೇಳಿ. ಲ್ಯಾಕ್ಟೋಸ್ ಒಗ್ಗದವರು ಆ ಸ್ಟೌಟಿನಿಂದ ದೂರ ಇರಬೇಕು. ಗ್ಲುಟೆನ್ ಒಗ್ಗದವರಿಗೆ ಬಾರ್ಲಿ, ಗೋಧಿಯ ಬಿಯರ್ ಯಾವುದೂ ಹೊಂದುವುದಿಲ್ಲ.

ಪಿಜ್ಜಾಕ್ಕೆ ಆಂಬರ್ ಲಾಗರ್, ಕೆನೆಯ ಸಾಸ್ ಇರುವ ಪಾಸ್ತಾಗೆ ಸೇಸಾನ್, ನಿಂಬೆ ಹಿಂಡಿದ ಮೀನಿಗೆ ವಿಟ್. ಇವುಗಳಲ್ಲಿ ತಪ್ಪಿದರೂ ದೊಡ್ಡ ನಷ್ಟವಿಲ್ಲ. ನಷ್ಟವಾಗುವುದು ಸಿಹಿತಿಂಡಿಯಲ್ಲಿ. ತಟ್ಟೆಯ ಸಿಹಿ ಗ್ಲಾಸಿನ ಸಿಹಿಗಿಂತ ಹೆಚ್ಚಾದರೆ ಬಿಯರ್ ಬರೀ ಕಹಿ ನೀರಾಗುತ್ತದೆ. ಕಪ್ಪು ಚಾಕೊಲೇಟ್ ಕೇಕಿಗೆ ಇಂಪೀರಿಯಲ್ ಸ್ಟೌಟ್, ಚೀಸ್‌ಕೇಕಿಗೆ ರಾಸ್ಪ್‌ಬೆರಿ ಹಾಕಿದ ಲ್ಯಾಂಬಿಕ್. ಇವೆರಡೂ ಇಲ್ಲದ ಕಡೆ ಕಾಫಿ ತರಿಸಿಕೊಳ್ಳುವುದು ಲೇಸು.

ನಲ್ಲಿ, ಕ್ಯಾನ್, ಬಾಟಲಿ

ನಲ್ಲಿಯಿಂದ ಇಳಿಸಿದ ಬಿಯರೇ ಯಾವಾಗಲೂ ಮೇಲು ಎಂಬ ನಂಬಿಕೆ ಅರ್ಧ ನಿಜ. ಬ್ರೂವರಿಯಲ್ಲಿಯೇ ಕುಳಿತಿದ್ದರೆ ಹೌದು. ಬೇರೆ ಕಡೆ ಅದು ಕೊಳವೆಯ ಸ್ವಚ್ಛತೆಯನ್ನು ಅವಲಂಬಿಸಿದೆ. ಕನಿಷ್ಠ ಎರಡು ವಾರಕ್ಕೊಮ್ಮೆ ಕೊಳವೆ ತೊಳೆಯಬೇಕೆಂದು ಬ್ರೂವರ್ಸ್ ಅಸೋಸಿಯೇಷನ್ ಹೇಳುತ್ತದೆ. ತೊಳೆಯದಿದ್ದರೆ ಬೆಣ್ಣೆಯ, ವಿನೆಗರಿನ ವಾಸನೆ ಹತ್ತುತ್ತದೆ. ಒಂದು ಕಡೆ ಪಿಲ್ಸ್ನರ್, ಪೇಲ್ ಏಲ್ ಎರಡರಲ್ಲೂ ಒಂದೇ ಬಗೆಯ ಹುಳಿ ಬಂದಾಗ ತಪ್ಪು ಬಿಯರಿನದಲ್ಲ, ಕೊಳವೆಯದು ಎಂದು ನನಗೆ ಮನವರಿಕೆಯಾಯಿತು. ಅಂಥ ಜಾಗದಲ್ಲಿ ಕ್ಯಾನ್ ಕೇಳುತ್ತೇನೆ.

ಕ್ಯಾನ್ ಮತ್ತು ಬಾಟಲಿಯ ನಡುವೆ ಐಪಿಎಗೆ ನಾನು ಹಿಂಜರಿಯದೆ ಕ್ಯಾನ್ ಆರಿಸುತ್ತೇನೆ. ಬೆಳಕು ಹಾಪ್ಸಿನ ಕಹಿ ಅಂಶಗಳನ್ನು ಒಡೆದಾಗ ಗಂಧಕ ಇರುವ ಒಂದು ಸಂಯುಕ್ತ ಹುಟ್ಟುತ್ತದೆ. ಅದರ ನಾತ ಸ್ಕಂಕ್ ಎಂಬ ಪ್ರಾಣಿ ಚಿಮ್ಮಿಸುವ ದ್ರವದಂತಿರುತ್ತದೆ. ಕಂದು ಗಾಜು ಅದನ್ನು ಬಹುಮಟ್ಟಿಗೆ ತಡೆಯುತ್ತದೆ, ಹಸಿರು ಗಾಜು ಸ್ವಲ್ಪವೇ, ಬಿಳಿ ಗಾಜು ತಡೆಯುವುದೇ ಇಲ್ಲ. ಕ್ಯಾನಿನೊಳಗೆ ಬೆಳಕೇ ಇಲ್ಲ. ಬಿಸಿಲಿನಲ್ಲಿ ಊಟಕ್ಕೆ ಕುಳಿತಾಗ ಹಸಿರು ಬಾಟಲಿಯನ್ನು ಕಂಬಳಿಯ ಅಂಚಿನಲ್ಲಿ ಮರೆತಿದ್ದೆ. ಸ್ವಲ್ಪ ಹೊತ್ತಿಗೆ ನೆರಳಿನಲ್ಲಿದ್ದ ಬಾಟಲಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

ದಿನಾಂಕ ನೋಡುವುದು ಇದಕ್ಕಿಂತ ಮುಖ್ಯ. ಐಪಿಎ ತಯಾರಾದ ಮೂರು ತಿಂಗಳ ಒಳಗೆ ಕುಡಿಯುವಂಥದ್ದು. ಅಗ್ಗವಾಗಿ ಸಿಕ್ಕಿತೆಂದು ಒಂದು ವರ್ಷ ಹಳೆಯದಾದ ಐಪಿಎ ಆರು ಕ್ಯಾನ್ ತಂದಿದ್ದೆ. ಮಾವಿನ ಘಮ ಇರಬೇಕಾದಲ್ಲಿ ಒದ್ದೆ ರಟ್ಟಿನ ವಾಸನೆ ಇತ್ತು. ಆಮ್ಲಜನಕ ಸೇರಿ ಹಳಸಿದ ಬಿಯರಿನ ಗುರುತು ಅದೇ. ಬಾರ್ಲಿವೈನ್, ಇಂಪೀರಿಯಲ್ ಸ್ಟೌಟ್, ಗ್ಯೂಜ್‌ಗಳಿಗೆ ಈ ಅವಸರವಿಲ್ಲ. ತಂಪಾದ ಕತ್ತಲಲ್ಲಿ ಅವು ವರ್ಷಗಳ ಕಾಲ ಪಕ್ವವಾಗುತ್ತವೆ.

ತಂಪಿನ ವಿಷಯದಲ್ಲಿಯೂ ಎಲ್ಲವೂ ಒಂದೇ ಅಲ್ಲ. ಲಾಗರ್ 4ರಿಂದ 7 ಡಿಗ್ರಿಯಲ್ಲಿ ಚೆನ್ನ. ಇಂಪೀರಿಯಲ್ ಸ್ಟೌಟ್ 12, 13 ಡಿಗ್ರಿಗೆ ಬಂದ ಮೇಲೆಯೇ ಮಾತನಾಡಲು ತೊಡಗುತ್ತದೆ. ಫ್ರಿಜ್ಜಿನಿಂದ ತೆಗೆದು ಇಪ್ಪತ್ತು ನಿಮಿಷ ಮೇಜಿನ ಮೇಲಿಟ್ಟರೆ ಹಣವೂ ಸಾರ್ಥಕ, ಬಿಯರೂ ಸಾರ್ಥಕ.

ನಾಲ್ಕು ಪುಟ್ಟ ಗ್ಲಾಸೋ, ಒಂದು ದೊಡ್ಡದೋ

ಹಲವು ಕಡೆ ನಾಲ್ಕೈದು ಬಿಯರ್‌ಗಳನ್ನು ನೂರು, ನೂರೈವತ್ತು ಮಿಲಿಲೀಟರ್ ಗ್ಲಾಸುಗಳಲ್ಲಿ ಹಲಗೆಯ ಮೇಲೆ ಜೋಡಿಸಿ ಕೊಡುತ್ತಾರೆ. ಹೊಸ ಜಾಗವನ್ನು ಪರಿಚಯ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ತಿಳಿಯಿಂದ ಗಟ್ಟಿಗೆ, ಕಡಿಮೆ ಕಹಿಯಿಂದ ಹೆಚ್ಚು ಕಹಿಗೆ ಸಾಗಬೇಕು. ಐಪಿಎ ಮೊದಲು ಕುಡಿದರೆ ಗೋಧಿ ಬಿಯರ್ ಸಪ್ಪೆಯಾಗುತ್ತದೆ. ನುಂಗಿದ ಮೇಲೆ ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಿ. ರುಚಿ ಎಂದು ನಾವು ಕರೆಯುವುದರ ದೊಡ್ಡ ಪಾಲು ಗಂಟಲ ಹಿಂದಿನಿಂದ ಮೂಗಿಗೆ ಏರುವ ವಾಸನೆ.

ಆದರೆ ಹಲಗೆ ಒಂದು ಪಕ್ಷಪಾತ ಮಾಡುತ್ತದೆ. ಪುಟ್ಟ ಗುಟುಕುಗಳಲ್ಲಿ ಗಟ್ಟಿಯಾದದ್ದು, ಸಿಹಿಯಾದದ್ದು, ಜೋರಾದದ್ದು ಗೆಲ್ಲುತ್ತದೆ. ವೆನಿಲಾ ಸ್ಟೌಟ್ ಎರಡು ಗುಟುಕಿಗೆ ಬೆರಗು ಹುಟ್ಟಿಸುತ್ತದೆ, ಅರ್ಧ ಗ್ಲಾಸಿಗೆ ಸಾಕೆನ್ನಿಸುತ್ತದೆ. ಒಂದೇ ರುಚಿಯನ್ನು ಮತ್ತೆ ಮತ್ತೆ ಸವಿದಾಗ ಅದರ ಮೇಲಿನ ಆಸೆ ಬೇಗ ಇಳಿಯುತ್ತದೆ, ಜೋರಾದ ರುಚಿಯಲ್ಲಿ ಇದು ಇನ್ನೂ ಬೇಗ ಎಂಬುದು ನನ್ನ ಅನುಭವ. ಹಲಗೆಯಲ್ಲಿ ಸೋತ ಪಿಲ್ಸ್ನರ್ ಊಟದ ಕೊನೆಯ ತುತ್ತಿನವರೆಗೂ ಬೇಕೆನ್ನಿಸುತ್ತದೆ. ಹಾಗಾಗಿ ಹಲಗೆಯ ಪ್ರತಿ ಗ್ಲಾಸಿಗೂ 'ಇದನ್ನು ನಾನು ತರಿಸಿದ ಊಟದ ಜೊತೆ ಮುಗಿಸಬಲ್ಲೆನೇ?' ಎಂದು ಕೇಳಿಕೊಳ್ಳುತ್ತೇನೆ. ಉತ್ತರ ಹೌದೆಂದರೆ ಅದರ ದೊಡ್ಡ ಗ್ಲಾಸು.

ಇಲ್ಲಿ ಗಣಿತವನ್ನೂ ಮಾಡಿಕೊಳ್ಳಬೇಕು. ಶೇಕಡ 5ರ 330 ಮಿಲಿಲೀಟರ್ ಬಿಯರಿನಲ್ಲಿ ಸುಮಾರು 13 ಗ್ರಾಂ ಆಲ್ಕೋಹಾಲ್ ಇದೆ. ಶೇಕಡ 8ರ ಅರ್ಧ ಲೀಟರಿನಲ್ಲಿ 31 ಗ್ರಾಂ ದಾಟುತ್ತದೆ. ಎರಡನ್ನೂ 'ಒಂದು ಬಿಯರ್' ಎಂದೇ ಎಣಿಸುತ್ತೇವೆ. ಆರೋಗ್ಯಕ್ಕೆ ಹಾನಿಯಿಲ್ಲದ ಮದ್ಯದ ಪ್ರಮಾಣ ಎಂಬುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ನಾನು ಇದನ್ನು ತಿಳಿದೇ ಕುಡಿಯುತ್ತೇನೆ, ಆದ್ದರಿಂದ ಕಡಿಮೆ ಕುಡಿಯುತ್ತೇನೆ: ಊಟಕ್ಕೆ ಒಂದು, ಪಕ್ಕದಲ್ಲಿ ನೀರು, ವಾಹನದ ಕೀಲಿ ಮನೆಯಲ್ಲಿ. ಕುಡಿಯದ ಜೊತೆಗಾರರಿಗೆ ಆಲ್ಕೋಹಾಲ್ ರಹಿತ ಬಿಯರ್‌ಗಳೂ ಇವೆ. ಹಲವು ದೇಶಗಳಲ್ಲಿ ಅದರ ಮಿತಿ ಶೇಕಡ 0.5, ಆದ್ದರಿಂದ ಒಂದು ಹನಿಯೂ ಬೇಡ ಎನ್ನುವವರು 0.0 ಎಂದು ಬರೆದದ್ದನ್ನು ಹುಡುಕಬೇಕು. ನಾನು ಸವಿದವುಗಳಲ್ಲಿ ಗೋಧಿಯವು ಮತ್ತು ಸ್ಟೌಟುಗಳು ಗೆದ್ದಿವೆ. ಲಾಗರ್‌ಗಳು ಹೆಚ್ಚಾಗಿ ಬಾರ್ಲಿ ಗಂಜಿಯ ತಿಳಿಯಂತೆ ಇದ್ದವು.

ಮೊನ್ನೆ ಅದೇ ಒಣಮೆಣಸಿನ ಕೋಳಿಯನ್ನು ಮತ್ತೆ ತರಿಸಿದೆ. ಬಿಯರಿನ ಪಟ್ಟಿಯನ್ನು ಮಡಚಿಯೇ ಇಟ್ಟು, ತಟ್ಟೆ ಬಂದು ಅದರ ವಾಸನೆ ತಿಳಿದ ಮೇಲೆ ಹೆಫೆವೈಜನ್ ಹೇಳಿದೆ. ಎತ್ತರದ ಗ್ಲಾಸಿನಲ್ಲಿ ಮೂರು ಬೆರಳು ನೊರೆ, ಬಾಳೆಹಣ್ಣಿನ ಘಮ. ಮೊದಲ ತುತ್ತಿಗೆ ಖಾರ ಏರಿತು, ಗುಟುಕಿಗೆ ಇಳಿಯಿತು, ಕೋಳಿಯ ಮಾಂಸದ ಸಿಹಿ ಆಗ ನಾಲಿಗೆಗೆ ಸಿಕ್ಕಿತು. ಹಿಂದಿನ ಸಲ ಅದು ಇತ್ತೆಂದೇ ನನಗೆ ತಿಳಿದಿರಲಿಲ್ಲ. ಕೊನೆಯ ತುಂಡು ಮುಗಿದಾಗ ಗ್ಲಾಸಿನ ತಳದಲ್ಲಿ ಒಂದೇ ಗುಟುಕು ಉಳಿದಿತ್ತು.